ಕೊಟ್ರಕ್ಕನ ಕೆಂಪು ಬೊಟ್ಟು

ಮೊಬೈಲಿನ ಪರದೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಕೆಂಪು ಬೊಟ್ಟು ಅಂಟಿಕೊಂಡಿತ್ತು. ಹೆಂಗಸರು ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು, ಸಾಸಿವೆಗಿಂತ ತುಸು ದೊಡ್ಡದು. ಕೊಟ್ರಕ್ಕನನ್ನು ನೆನೆದಾಗ ನನಗೆ ಮೊದಲು ಕಾಣುವುದು ಅವಳ ಮುಖವಲ್ಲ, ಆ ಬೊಟ್ಟು.

ಕುರಿಗಳಿಗೆ ಲಸಿಕೆ ಹಾಕಿಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಹರಪನಹಳ್ಳಿಯ ಕಚೇರಿಯಲ್ಲಿ ಕೂತು, ಲಸಿಕೆಯ ವಿವರ ತುಂಬುವ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದೆ. ಹೊಸಹಳ್ಳಿಯ ಕೊಟ್ರಕ್ಕ ಐವತ್ತು ದಾಟಿದವಳು. ಹೆಗಲಿಗೆ ಲಸಿಕೆಯ ಐಸ್ ಡಬ್ಬಿ ಹಾಕಿ, ಸೊಂಟಕ್ಕೆ ಮೊಬೈಲು ಸಿಕ್ಕಿಸಿಕೊಂಡು ಕುರಿಹಟ್ಟಿಯಿಂದ ಕುರಿಹಟ್ಟಿಗೆ ನಡೆಯುತ್ತಿದ್ದಳು. ಹೆದರಿದ ಕುರಿಯನ್ನು ಮೊಣಕಾಲುಗಳ ನಡುವೆ ಹಿಡಿದು, "ಸುಮ್ನಿರವ್ವಾ, ನಿನ್ನ ಲಗ್ನ ಅಲ್ಲ ಇದು" ಎನ್ನುವಷ್ಟರಲ್ಲಿ ಸೂಜಿ ಹಾಕಿ ಮುಗಿಸಿರುತ್ತಿದ್ದಳು. ಒಂದೂ ಕುರಿ ಬಿಡಬಾರದೆಂಬುದು ಅವಳ ಹಟ. "ಬಿಟ್ಟು ಹೋದ್ರ ಕುರಿ ಬಂದು ಹೇಳಂಗಿಲ್ಲ. ನಾನ ಹೇಳಬೇಕು" ಎನ್ನುತ್ತಿದ್ದಳು.

ಅವಳು ಮೊದಲ ಸಲ ಕಚೇರಿಗೆ ಬಂದದ್ದು ಜಗಳಕ್ಕೆ.

"ಈ ಆ್ಯಪು ಮಾಡಿದಾಕಿ ನೀನೇನವ್ವಾ?"

ಹೌದೆಂದೆ. ಮೊಬೈಲನ್ನು ಮೇಜಿನ ಮೇಲಿಟ್ಟಳು. ಆಗಲೇ ನಾನು ಆ ಬೊಟ್ಟನ್ನು ಕಂಡದ್ದು.

ಎಲ್ಲ ಪುಟಗಳ ತಳದಲ್ಲೂ ಒಂದೇ ಪಟ್ಟಿ ಕೂರುವಂತೆ ನಾನು ಕೋಡ್ ಬರೆದಿದ್ದೆ. ಅದಕ್ಕೆ ಫೂಟರ್ ಎನ್ನುತ್ತೇವೆ. ಅದರ ಎಡಕ್ಕೆ ಡಾಕ್ಟರಿಗೆ ಕರೆ ಮಾಡುವ ಗುಂಡಿ, ಬಲಕ್ಕೆ ಜಾಲತಾಣದಿಂದ ಹೊರಬರುವ ಗುಂಡಿ. ಕೊಟ್ರಕ್ಕನ ಹಳೆಯ ಸಣ್ಣ ಮೊಬೈಲಿನಲ್ಲಿ ವಿವರ ತುಂಬುವ ಪುಟ ತೆರೆದರೆ, ಆ ಪಟ್ಟಿ 'ಉಳಿಸಿ' ಗುಂಡಿಯ ಮೇಲೆಯೇ ಬಂದು ಕೂರುತ್ತಿತ್ತು. ಉಳಿಸಲು ಒತ್ತಿದರೆ ಹೊರಗೆ ಬೀಳುವುದು, ತುಂಬಿದ್ದೆಲ್ಲ ಮಾಯ. ಬೆರಳು ಅಲ್ಲಿಗೆ ಹೋಗದಿರಲೆಂದು ಅವಳು ಬೊಟ್ಟು ಅಂಟಿಸಿದ್ದಳು. ಪಟ್ಟಿಯ ಅಂಚಿನಲ್ಲಿ ದಾರದಷ್ಟು ಇಣುಕುವ 'ಉಳಿಸಿ'ಯನ್ನು ಉಗುರಿನ ತುದಿಯಿಂದ ಒತ್ತುತ್ತಿದ್ದಳು.

"ಹದಿನೈದು ದಿನಕ್ಕ ಎರಡನೇ ಸೂಜಿ ಬೀಳಬೇಕು. ಹೆಸರು ಉಳೀಲಿಲ್ಲ ಅಂದ್ರ ಕುರಿಗಾರಗ ಮೆಸೇಜು ಹೋಗಂಗಿಲ್ಲ. ಅಷ್ಟರಾಗ ಅವ ಹಡಗಲಿ ಕಡಿ ಕುರಿ ಹೊಡಕೊಂಡು ಹೋಗಿರ್ತಾನ. ಎಲ್ಲಿ ಹುಡುಕ್ಲಿ? ಕರುಳುಬೇನಿ ಬಂದ್ರ ನಿನ್ನ ಪಟ್ಟಿ ಬಂದು ಕುರಿ ಮೈ ಸವರತೈತೇನು?"

ನಾನು ಅಂದೇ ಆ ಪಟ್ಟಿಯನ್ನು ಕೋಡಿನಿಂದಲೇ ಅಳಿಸಿದೆ. ಒಂದೇ ಸಾಲಿನ ಕೆಲಸ, ಎಲ್ಲ ಪುಟಗಳಿಂದಲೂ ಅದು ಹೋಯಿತು.

ಮೂರನೆಯ ದಿನ ಅವಳ ಫೋನು ಬಂತು. "ತಂಗಿ, ಡಾಕ್ಟ್ರ ಗುಂಡಿ ಎಲ್ಲಿ ಹೋತು?"

ನೀಲಗುಂದದಲ್ಲಿ ಸೂಜಿ ಹಾಕಿದ ಮೇಲೆ ಒಂದು ಮರಿ ಬಿದ್ದು ಒದ್ದಾಡಿತ್ತಂತೆ. ಅಲ್ಲಿನ ಕಾರ್ಯಕರ್ತೆ ಪುಟಪುಟವೂ ಹುಡುಕಿ, ಗುಂಡಿ ಸಿಗದೆ ಕೊಟ್ರಕ್ಕನಿಗೆ ಫೋನ್ ಮಾಡಿದ್ದಳು. ಕೊಟ್ರಕ್ಕ ಡಾಕ್ಟರನ್ನು ಹಿಡಿದಳು, ಮರಿ ಉಳಿಯಿತು.

"ಒಂದು ಮನಿಯಾಗ ಕೂಸು ಮಲಗೇತಿ ಅಂತ ಓಣಿ ಬಾಗ್ಲಾ ಎಲ್ಲಾ ಹಾಕ್ತಾರೇನವ್ವಾ? ಆ ಮನಿ ಬಾಗ್ಲಾ ಒಂದು ಮುಂದಕ್ಕ ಎಳದ್ರ ಸಾಕು."

ಐದು ವರ್ಷ ಇದನ್ನೇ ಓದಿ ಬಂದವಳು ನಾನು. ನನಗದು ಹೊಳೆದಿರಲಿಲ್ಲ. ಪಟ್ಟಿಯನ್ನು ಮತ್ತೆ ಎಲ್ಲ ಪುಟಗಳಿಗೂ ತಂದೆ. ಆದರೆ ಈ ಸಲ, ಪಟ್ಟಿ ಬೇಡವಾದ ಪುಟ ಅದನ್ನು ತನ್ನ ಕೋಡಿನಲ್ಲಿ ತಾನೇ ಹೇಳುವಂತೆ ಬರೆದೆ. ಏನೂ ಹೇಳದ ಪುಟದಲ್ಲಿ ಪಟ್ಟಿ ಇರುತ್ತದೆ. ವಿವರ ತುಂಬುವ ಪುಟ ಮಾತ್ರ ಬೇಡವೆಂದಿತು. ಅಲ್ಲಿ ಡಾಕ್ಟರ ಗುಂಡಿಯನ್ನು ಮೇಲ್ಗಡೆ ಇಟ್ಟೆ.

ಕೊಟ್ರಕ್ಕ ಸುಲಭಕ್ಕೆ ನಂಬಲಿಲ್ಲ. "ಕುರಿ ನಡುವ ನಿಂತು ನೋಡ್ತೀನಿ, ಆಮ್ಯಾಲೆ ಹೇಳ್ತೀನಿ" ಎಂದಳು. ಒಂದು ತಿಂಗಳು ಬೊಟ್ಟು ತೆಗೆಯಲಿಲ್ಲ.

ಕಳೆದ ವರ್ಷ ಮೊಣಕಾಲು ನೋವು ಹೆಚ್ಚಾಗಿ ಅವಳು ಕೆಲಸ ಬಿಟ್ಟಳು. ಐಸ್ ಡಬ್ಬಿ ಒಪ್ಪಿಸಲು ಬಂದವಳು ನನ್ನ ಮೇಜಿನ ಮುಂದೆ ನಿಂತು ಹಳೆಯ ಮೊಬೈಲನ್ನು ಇಟ್ಟಳು. ಪರದೆಯ ಮೇಲೆ ಬೊಟ್ಟು ಇರಲಿಲ್ಲ. ಅಂಟಿನ ದುಂಡು ಗುರುತು ಉಳಿದಿತ್ತು.

"ಮಗ ಹೊಸಾದು ಕೊಡಿಸ್ಯಾನ. ಇದು ನಿನ್ನ ಹತ್ರ ಇರ್ಲಿ. ನಿನ್ನ ಕಂಪ್ಯೂಟರಿನಾಗ ಎಲ್ಲಾ ಚಂದ ಕಾಣತೈತಿ ತಂಗಿ. ಇದರಾಗ ನೋಡು."

ಹೇಳಬೇಕಾದದ್ದು ಬಹಳವಿತ್ತು. "ಬಸ್ಸು ಎಷ್ಟೊತ್ತಿಗೈತಿ ಅಕ್ಕಾ?" ಎಂದಷ್ಟೇ ಕೇಳಿದೆ. ಆಮೇಲೆ ನಾವು ಭೇಟಿಯಾಗಿಲ್ಲ.

ಮರುದಿನ ಬೆಳಿಗ್ಗೆ ಬೇಗ ಕಚೇರಿಗೆ ಹೋಗಿ, ಜಾಲತಾಣದ ಪುಟಗಳನ್ನೆಲ್ಲ ಆ ಮೊಬೈಲಿನಲ್ಲಿ ಒಂದೊಂದಾಗಿ ತೆರೆದೆ. ಆ ವಾರ ಎಲ್ಲರಿಗೂ ಕಳಿಸಬೇಕಿದ್ದ, ಮರಿಗಳ ವಿವರ ತುಂಬುವ ಹೊಸ ಪುಟವೊಂದಿತ್ತು. ಪಟ್ಟಿ ಬೇಡವೆಂದು ಅದರಲ್ಲಿ ಬರೆಯುವುದನ್ನು ನಾನು ಮರೆತಿದ್ದೆ. 'ಉಳಿಸಿ' ದಾರದಷ್ಟೇ ಕಾಣುತ್ತಿತ್ತು. ಇದು ಸರಿಯಾಗುವ ತನಕ ಇರಲೆಂದು ನನ್ನ ಹಣೆಯ ಬೊಟ್ಟು ತೆಗೆದು, ಆ ದುಂಡು ಗುರುತಿನ ಮೇಲೆಯೇ ಅಂಟಿಸಿ, ಮರಿಗಳ ಪುಟದ ಕೋಡ್ ತೆರೆದು ಕೂತೆ.