ಅಕ್ಕನ ಗಾಜು ಮುಟ್ಟಿದವರು

ನಮ್ಮಕ್ಕನಿಗೆ ಮನುಷ್ಯರ ಮೇಲೆ ನಂಬಿಕೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಾಲಿನವನು ನಕ್ಕರೆ ನೀರು ಬೆರೆಸಿರಬೇಕು ಎನ್ನುವವಳು. ಅವಳು ನಂಬಿದ್ದು ತನ್ನ ಗಾಜೊಂದನ್ನೇ. ಅದಕ್ಕೆ ಉದ್ದನೆಯ ಹೆಸರೇನೋ ಇದೆ, ಮನೆಯಲ್ಲಿ ನಾವು ಗಾಜು ಅಂತಲೇ ಕರೆಯುವುದು. ನಮ್ಮಜ್ಜನ ಕಾಲಕ್ಕಿಂತ ಹಳೆಯದು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಹಿತ್ತಾಳೆ ಕಡ್ಡಿ, ಅದರ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಗಾಜು, ಮೇಲೆ ಕಣ್ಣಿಡಲು ಒಂದು ತೂತು. ಅಲ್ಲಿಂದ ಕೆಳಗೆ ನೋಡಿದರೆ ಎದುರಿಗಿಟ್ಟ ಹೂವು ಕಾಗದದ ಮೇಲೇ ಮಲಗಿದಂತೆ ಕಾಣುತ್ತದೆ. ತಲೆ ಅಲುಗಿಸದೆ, ಪೆನ್ಸಿಲ್ ಹಿಡಿದು ಅದರ ಅಂಚಿನಲ್ಲೇ ಗೆರೆ ಎಳೆಯಬೇಕು; ಅಲುಗಿದರೆ ಹೂವೂ ಸರಿದುಹೋಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಕಾಣುವುದು ಬರೀ ಬಿಳಿ ಕಾಗದ.

ಇಪ್ಪತ್ತೇಳು ವರ್ಷ ಅಕ್ಕ ಹೀಗೆ ಬೀಜದ ಕಂಪನಿಯ ಪೊಟ್ಟಣಗಳಿಗೆ ಹೂ ಬರೆದಳು. ಮದುವೆಯ ಗೋಜಿಗೆ ಹೋಗಲಿಲ್ಲ. ನಮ್ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಊಟಕ್ಕೆ ಏಳುವ ಮುಂಚೆ ಮೂರು ಎಸಳುಗಳ ತುದಿಗೆ ಮೂರು ಚುಕ್ಕೆ ಇಡುತ್ತಾಳೆ. ವಾಪಸ್ಸು ಬಂದು ಕಣ್ಣಿಟ್ಟಾಗ ತುದಿಗಳು ಆ ಚುಕ್ಕೆಗಳ ಮೇಲೇ ಕೂರಬೇಕು. ಕೂರಲಿಲ್ಲವೋ, ಯಾರೋ ಗಾಜು ಮುಟ್ಟಿದ್ದಾರೆ ಅಂತಲೇ ಅರ್ಥ.

ಈ ವರ್ಷ ಚುಕ್ಕೆ ಕೂರುವುದೇ ನಿಂತುಹೋಯಿತು. ಎಸಳುಗಳ ಅಳತೆ ತಪ್ಪಿದೆಯೆಂದು ಕಂಪನಿ ಎರಡು ಚಿತ್ರ ವಾಪಸ್ಸು ಕಳಿಸಿತು. ಮೂರನೆಯದೂ ಹೀಗೇ ಆದರೆ ಇನ್ನು ಮುಂದೆ ಫೋಟೋ ಸಾಕು, ತಮಗೆ ತೊಂದರೆ ಬೇಡ ಎಂದು ಬಹಳ ಮರ್ಯಾದೆಯಿಂದ ಬರೆದರು. ಅಕ್ಕನಿಗೆ ಊಟ ಸೇರದಾಯಿತು. ಮೊದಲು ಕಸ ಗುಡಿಸುವವಳ ಮೇಲೆ ಹರಿಹಾಯ್ದಳು. ಆ ಹೆಂಗಸು ಪೊರಕೆ ಬಿಸಾಕಿ ಹೋದವಳು ಮತ್ತೆ ಬರಲಿಲ್ಲ. ಆಮೇಲೆ ನಮ್ಮ ಯಜಮಾನರ ಸರದಿ. ಪಾಪ, ಆ ಮನುಷ್ಯ ಕೈಕಟ್ಟಿಕೊಂಡು ಆ ಕೋಣೆ ದಾಟತೊಡಗಿದರು. ಚಿತ್ರ ಒಯ್ಯಲು ಬರುವ ಕಂಪನಿಯವನು ಫೋಟೋದವರ ಜೊತೆ ಸೇರಿಕೊಂಡು ಗಾಜು ಅಲುಗಿಸುತ್ತಾನೆ ಎಂದೂ ಒಂದು ವಾರ ನಡೆಯಿತು. ನಿಜ ಹೇಳಬೇಕೆಂದರೆ ನನಗೂ ಅವನ ಮೇಲೆ ಗುಮಾನಿಯಿತ್ತು.

ಕಡೆಗೆ ನನಗೆ ರೇಗಿಹೋಯಿತು. ಬಾಯಿ ನನಗೂ ಕಮ್ಮಿಯೇನಿಲ್ಲ. ಮೂರನೆಯ ಚಿತ್ರದ ದಿನ ಅವಳು ಊಟಕ್ಕೆ ಎದ್ದಾಗ ಕೋಣೆಗೆ ಬೀಗ ಜಡಿದು ಹೊಸ್ತಿಲಲ್ಲೇ ಕೂತೆ. ಒಂದು ನೊಣ ಕೂಡ ಒಳಗೆ ಹೋಗಲಿಲ್ಲ. ಅಕ್ಕ ಬಂದು ಕಣ್ಣಿಟ್ಟಳು.

“ಸರಿದಿದೆ,” ಅಂದಳು. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಾಗಾದ್ರೆ ನೀನೇ.”

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದಕ್ಕೆ ಇದಾ ಎಂದು ಅವಳನ್ನು ಎಬ್ಬಿಸಿ, ನಾನೇ ಕೂತು ತೂತಿಗೆ ಕಣ್ಣಿಟ್ಟೆ. ಕಿತ್ತಳೆ ಬಣ್ಣದ ಜೀನಿಯಾ ಹೂ. ಮೂರು ಎಸಳು, ಮೂರು ಚುಕ್ಕೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಈಗ ಸರಿಯಾಗಿ ಕೊಡುತ್ತೇನೆ ಎಂದುಕೊಂಡು ಎದ್ದೆ. ಅಷ್ಟರಲ್ಲಿ ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತು ಗಾಜಿನ ಮೇಲೆ ಬಗ್ಗಿದ್ದಳು. ಹೂ ಅಲುಗಬಾರದೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುವುದಿಲ್ಲ, ಕಿಟಕಿ ತೆರೆಯುವುದಿಲ್ಲ. ಆದರೂ ಅವಳ ಕಿವಿಯ ಲೋಲಾಕು ಅಲ್ಲಾಡುತ್ತಿತ್ತು. ಹತ್ತಿರದಿಂದ ನೋಡಿದರೆ ತಲೆಯೇ ನಡುಗುತ್ತಿತ್ತು, ಸಣ್ಣಗೆ, ಒಂದೇ ಸಮನೆ.



“ಹೌದಕ್ಕ, ನಾನೇ,” ಅಂದೆ. “ಬೀಗ ಹಾಕೋ ಮುಂಚೆ ಒಳಗೆ ಹೋಗಿದ್ದೆನಲ್ಲ, ಕೈ ತಗುಲಿರಬೇಕು. ತಪ್ಪಾಯ್ತು.”

ಅಕ್ಕ ತಲೆಯೆತ್ತಿ ನನ್ನ ಮುಖವನ್ನೇ ದಿಟ್ಟಿಸಿದಳು. ಅನುಮಾನ ಅವಳನ್ನು ಬಿಟ್ಟು ಎಲ್ಲಿಗೆ ಹೋದೀತು.

“ಹುಟ್ಟಿದಾಗಿಂದ ಒಂದು ತಪ್ಪೂ ಒಪ್ಪಿಕೊಂಡವಳಲ್ಲ ನೀನು. ಈಗ್ಯಾಕೆ ಸುಳ್ಳು ಹೇಳ್ತಿದ್ದೀಯ? ಏನು ಕಾಣಿಸ್ತು ನಿನಗೆ?”

ನನಗೆ ಅಳು ಬಂದುಬಿಟ್ಟಿತು. ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ಅವಳು ಗಮನಿಸಿದಳು. ನಿಧಾನವಾಗಿ ಕೈಯೆತ್ತಿ ತನ್ನ ಗದ್ದ ಹಿಡಿದುಕೊಂಡಳು. ತಲೆಯ ನಡುಕ ಕೈಗೆ ಗೊತ್ತಾಯಿತು. 

“ಹಾಗಾದ್ರೆ ಯಾರೂ ಮುಟ್ಟಿರಲಿಲ್ಲ,” ಅಂದಳು.