ಕ್ಲಾಸಿನ ಹಗ್ಗಕ್ಕೆ ಬಂದ ಲೇಬಲ್ಲು

ನಾನು ಇಂಗ್ಲಿಷ್ ಟೀಚರ್. ಇಂಗ್ಲಿಷ್ ಕಂಡರೆ ನನಗೆ ಭಯ. ಇವೆರಡನ್ನೂ ಒಟ್ಟಿಗೆ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಕನ್ನಡ ಶಾಲೆಯಲ್ಲಿ ಓದಿದವಳು, ಬೊಮ್ಮಸಂದ್ರದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಇಂಗ್ಲಿಷನ್ನೇ ಕಲಿಸಬೇಕಾಗಿ ಬಂತು. ಸಣ್ಣ ಪದಗಳಾದರೆ ಹೇಗೋ ನಿಭಾಯಿಸುತ್ತೇನೆ. ಉದ್ದನೆಯ ಇಂಗ್ಲಿಷ್ ಎದುರಾದರೆ ಮಾತ್ರ ಕಣ್ಣು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಬ್ಯಾಂಕಿನಿಂದ ಬಂದ ಕಾಗದವಾಗಲಿ, ಮಿಕ್ಸಿಯ ಜೊತೆ ಕೊಡುವ ಪುಸ್ತಕವಾಗಲಿ, ಪೂರ್ತಿ ಓದಿದ್ದೇ ಇಲ್ಲ.

ಮಕ್ಕಳ ಸುತ್ತಮುತ್ತ ಇರುವುದನ್ನೇ ಪಾಠಕ್ಕೆ ಬಳಸಿ ಎಂದು ಒಂದು ತರಬೇತಿಯಲ್ಲಿ ಹೇಳಿದರು. ತರಬೇತಿಯಲ್ಲಿ ಕೇಳಿದ್ದು ಸಾಮಾನ್ಯವಾಗಿ ಊಟದ ಹೊತ್ತಿಗೆ ಮರೆತುಹೋಗುತ್ತದೆ. ಇದು ಮಾತ್ರ ತಲೆಯಲ್ಲಿ ಉಳಿಯಿತು. ನಮ್ಮ ಮಕ್ಕಳ ಮನೆಗಳಲ್ಲಿ ಇಂಗ್ಲಿಷ್ ಮಾತಾಡುವವರಿಲ್ಲ, ಇಂಗ್ಲಿಷ್ ಬರೆದಿರುವ ಸಾಮಾನಿಗೆ ಬರವಿಲ್ಲ. ಹಾಗಾಗಿ ಕ್ಲಾಸಿನ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ದಿನಕ್ಕೊಬ್ಬರು ಇಂಗ್ಲಿಷ್ ಅಕ್ಷರವಿರುವ ಏನನ್ನಾದರೂ ತಂದು, ಗೊತ್ತಿರುವ ಪದ ಓದಿ, ಕ್ಲಿಪ್ಪು ಹಾಕಿ ನೇತುಹಾಕಬೇಕು. ಬಿಸ್ಕತ್ತಿನ ಪೊಟ್ಟಣ ಬಂತು, ಶಾಂಪೂ ಸ್ಯಾಷೆ ಬಂತು, ಮಾತ್ರೆಯ ಖಾಲಿ ಡಬ್ಬಿಗಳು ಬಂದವು. ಒಂದೇ ತಿಂಗಳಲ್ಲಿ ಮಕ್ಕಳು ‘ಓಪನ್’, ‘ಕೀಪ್’, ‘ಡು ನಾಟ್’ ಎಂದು ಪಟಪಟನೆ ಓದತೊಡಗಿದರು. ‘ಡು ನಾಟ್’ ಅಂದರೆ ಅವರಿಗೆ ಬಲು ಖುಷಿ, ಅದಿಲ್ಲದ ಸಾಮಾನೇ ಇರಲಿಲ್ಲ. ನನಗೂ ಸ್ವಲ್ಪ ಜಂಬ ಬಂತು.

ಒಂದು ಗುರುವಾರ ಎರಡನೇ ಬೆಂಚಿನ ಹುಡುಗಿಯ ಸರದಿ. ಶಾಲೆಯ ಹಿಂದಿನ ಸಾಲುಮನೆಗಳಲ್ಲಿ ಅವರ ಬಾಡಿಗೆ ಮನೆ, ತಾಯಿಗೆ ಫ್ಯಾಕ್ಟರಿಯಲ್ಲಿ ಕೆಲಸ. ಹುಡುಗಿ ಒಂದು ದೊಡ್ಡ ಲೇಬಲ್ಲನ್ನು ಹರಿಯದಂತೆ ನೆನೆಸಿ ಬಿಡಿಸಿ, ನೋಟ್‌ಬುಕ್ಕಿನ ಹಾಳೆಗೆ ಅಂಟಿಸಿಕೊಂಡು ಬಂದಿದ್ದಳು. ಮೂಲೆಯಲ್ಲಿ ತಲೆಬುರುಡೆ, ಪಕ್ಕದಲ್ಲಿ ಸತ್ತ ಮೀನಿನ ಚಿತ್ರ. ‘ಡು ನಾಟ್’ ಎಂದು ಗಟ್ಟಿಯಾಗಿ ಓದಿ, ಮುಂದಿನ ಪದಕ್ಕೆ ತಡವರಿಸಿ ನನ್ನ ಮುಖ ನೋಡಿದಳು. ನಾನು ಬಗ್ಗಿ ಓದಿದೆ. ಯಾವುದೋ ಕೆಮಿಕಲ್ಲಿನ ಲೇಬಲ್ಲು, ಈ ಡ್ರಮ್ಮನ್ನು ಮತ್ತೆ ಬಳಸಬೇಡಿ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಆರೇಳು ಸಾಲು. ಕಣ್ಣು ಎಂದಿನಂತೆ ಪಕ್ಕಕ್ಕೆ ಸರಿಯಿತು, ಎಳೆದು ತಂದೆ. ಅಲ್ಲಿ ಕ್ಯಾನ್ಸರ್ ಎಂಬ ಪದವಿತ್ತು. ಅದನ್ನು ಓದಲು ನನಗೂ ಡಿಕ್ಷನರಿ ಬೇಕಾಗಲಿಲ್ಲ.

ಎಲ್ಲಿ ಸಿಕ್ಕಿತು ಎಂದು ಕೇಳಿದೆ.

“ನಮ್ಮನೆ ಡ್ರಮ್ ಮೇಲಿತ್ತು ಮಿಸ್. ಓನರ್ ಅಂಕಲ್ ಎಲ್ಲಾ ಮನೆಗೂ ಒಂದೊಂದು ಕೊಟ್ಟವ್ರೆ, ನೀರು ತುಂಬಿಸ್ಕೊಳಕ್ಕೆ.”

“ಕುಡಿಯಕ್ಕೂ ಅದೇ ನೀರಾ?”

“ಹೂಂ ಮಿಸ್.”

ಮಕ್ಕಳು ರೂಢಿಯಂತೆ ಚಪ್ಪಾಳೆ ತಟ್ಟಿದರು. ಹಾಳೆಯನ್ನು ಹಗ್ಗಕ್ಕೆ ಹಾಕದೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ತನ್ನದನ್ನು ಮಾತ್ರ ನೇತುಹಾಕಲಿಲ್ಲವೆಂದು ಹುಡುಗಿಯ ಮುಖ ಚಿಕ್ಕದಾಯಿತು.

ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಹೋದೆ. ತಾಯಿ ಶಿಫ್ಟು ಮುಗಿಸಿ ಬಂದು, ಎಂಟು ತಿಂಗಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅದಕ್ಕೆ ರಾಗಿ ಮಣ್ಣಿ ಕಾಯಿಸುತ್ತಿದ್ದಳು. ಡ್ರಮ್ಮು ಬಂದು ಹತ್ತು ದಿನವಾಗಿತ್ತು. ಸೋಪು ಹಾಕಿ ನಾಲ್ಕು ಸಲ ಉಜ್ಜಿದ್ದೇನೆ, ಬೇಕಾದರೆ ಮೂಸಿ ನೋಡಿ ಎಂದಳು. ಮೂಸಿದೆ. ನಿಜಕ್ಕೂ ಯಾವ ವಾಸನೆಯೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಬ್ಯಾಗಿನಿಂದ ಹಾಳೆ ತೆಗೆದು, ಒಂದೊಂದೇ ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳಿದೆ. ಅವಳು ಮಗುವಿನ ಬಾಯಿಯನ್ನೇ ನೋಡುತ್ತಿದ್ದಳು. ನೀರಿನ ಟ್ಯಾಂಕರ್ ಬರುವುದು ಇನ್ನು ಭಾನುವಾರವೇ.

“ನಿಜವಾಗ್ಲೂ ಅಂಗೇ ಬರ್ದೈತಾ ಮಿಸ್? ನಿಮ್ಗೆ ಸರ್ಯಾಗಿ ಗೊತ್ತಾ?”

ಇಷ್ಟು ವರ್ಷ ನಾನು ಹೆದರಿದ್ದು ಈ ಒಂದು ಪ್ರಶ್ನೆಗೇ. ಇನ್‌ಸ್ಪೆಕ್ಷನ್ನಿಗೆ ಬಂದ ಯಾವ ಸಾಹೇಬರೂ ಅದನ್ನು ಕೇಳಿರಲಿಲ್ಲ. ಗೊತ್ತು ಎಂದೆ. ಅವಳು ಒಲೆಯ ಮೇಲಿನ ಮಣ್ಣಿಯನ್ನು ಮೋರಿಗೆ ಸುರಿದಳು. ಆಮೇಲೆ ನಾವಿಬ್ಬರೂ ಸೇರಿ ಡ್ರಮ್ಮನ್ನು ಬಾಗಿಲಾಚೆಗೆ ಜರುಗಿಸಿ ಉರುಳಿಸಿದೆವು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಮಗುವನ್ನು ಇವತ್ತೇ ಡಾಕ್ಟರಿಗೆ ತೋರಿಸಲು ಹೇಳಿ, ಉಳಿದ ಮನೆಗಳಿಗೂ ಅದೇ ಲೇಬಲ್ಲು ಓದಿ ಹೇಳಿ, ನನ್ನ ಮನೆಯಿರುವ ಸಿಂಗಸಂದ್ರಕ್ಕೆ ಬಸ್ಸು ಹತ್ತಿದೆ.

ನಮ್ಮ ಅಡುಗೆಮನೆಯ ಮೂಲೆಯಲ್ಲೂ ಒಂದು ನೀಲಿ ಡ್ರಮ್ಮಿದೆ. ಅಡುಗೆಗೆ ಅದರದ್ದೇ ನೀರು, ಕೊಂಡು ತರುವ ನೀರಿನ ಕ್ಯಾನು ಮುಗಿದ ದಿನ ಕುಡಿಯುವುದಕ್ಕೂ. ಚಪ್ಪಲಿ ಬಿಟ್ಟವಳೇ ಹೋಗಿ ಅದರ ಮುಂದೆ ನಿಂತೆ. ಮಧ್ಯದಲ್ಲಿ ಒಂದು ಚೌಕದಷ್ಟು ಜಾಗ ಬೇರೆ ಬಣ್ಣಕ್ಕಿತ್ತು. ನೋಡಲು ಚೆನ್ನಾಗಿಲ್ಲವೆಂದು ತಂದ ದಿನವೇ ಬಿಸಿನೀರು ಹಾಕಿ, ಚಾಕುವಿನಿಂದ ಕೆರೆದು ಲೇಬಲ್ಲು ತೆಗೆದವಳು ನಾನೇ. ಅದರಲ್ಲಿ ಏನು ಬರೆದಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಓದಿದ್ದರೆ ತಾನೆ ನೆನಪಿರುವುದು. ತುಂಬಾ ಉದ್ದ ಇತ್ತು ಎಂಬುದಷ್ಟೇ ನೆನಪಾಯಿತು.

ಅಷ್ಟರಲ್ಲಿ ಮಗಳು ಆಟ ಮುಗಿಸಿ, ಬೆವರಿಕೊಂಡು ಬಂದು, ಲೋಟ ಹಿಡಿದು ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದಳು. ಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಯಾಕಮ್ಮಾ ಎಂದು ಕೇಳಿದಳು. ಅವಳಿಗೆ ಒಂಬತ್ತು ವರ್ಷ. ಆ ಡ್ರಮ್ಮು ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು.