ಈಟಿಯ ತುದಿಯ ನಿಂಬೆಹಣ್ಣು

ಮೊದಲೇ ಹೇಳಿಬಿಡುತ್ತೇನೆ: ಈಟಿ ಎಂದರೆ ಕತ್ತಿ ಮಾಡಿಸಲು ಗತಿಯಿಲ್ಲದವನ ಆಯುಧ ಎಂದು, ಈಟಿವರಸೆ ಕಲಿಸುವ ಉಸ್ತಾದರ ಮುಖಕ್ಕೇ ಹೇಳಿದ ಮೂರ್ಖ ನಾನು. ಅವರು ಸಿಟ್ಟಾಗಲಿಲ್ಲ, ಎಡ ಅಂಗೈ ಬಿಚ್ಚಿ ತೋರಿಸಿದರು. ಅದರಲ್ಲಿ ಒಂದೂ ರೇಖೆ ಇರಲಿಲ್ಲ. ವರ್ಷಗಟ್ಟಲೆ ಈಟಿಯ ಗಳ ಜಾರಿ ಜಾರಿ ಎಲ್ಲವನ್ನೂ ಒರೆಸಿಹಾಕಿತ್ತು. "ಜ್ಯೋತಿಷಿ ಹತ್ರ ಹೋದ್ರ, ಕೈ ಮಡಚ್ಕೊಂಡು ಮನಿಗೆ ಹೋಗ್ರಿ ಅಂತಾನೆ" ಎಂದು ನಕ್ಕರು.

ಹಗಲು ಹರಿಹರದಲ್ಲಿ ಬಿದಿರಿನ ಅಂಗಡಿ, ಸಂಜೆ ಅಂಗಡಿಯ ಹಿಂದಿನ ಅಂಗಳದಲ್ಲಿ ತಾಲೀಮು. ಇಷ್ಟೇ ಅವರ ಲೋಕ. ನಾನು ದಾವಣಗೆರೆಯ ಸರಸ್ವತಿ ನಗರದಿಂದ ಬೈಕಿನಲ್ಲಿ ಹೋಗುತ್ತಿದ್ದೆ, ವರಸೆ ಕಲಿಯಲು ಎನ್ನುವುದಕ್ಕಿಂತ ಅವರ ದನಿ ಕದಿಯಲು. ಕಂಡವರನ್ನೆಲ್ಲ ಅಣಕಿಸುವುದು ನನ್ನ ಚಟ. ಯಾರೂ ಸಿಗದ ದಿನ ಮನೆಯಲ್ಲಿ ಕನ್ನಡಿ ಇದೆ.

ಒಮ್ಮೆ ಹೊಳೆಯ ಕಡೆ ಕರೆದೊಯ್ದು ಒಂದು ವೀರಗಲ್ಲು ತೋರಿಸಿದರು. ಕುದುರೆಯ ಮೇಲೆ ಕತ್ತಿಯವನು, ನೆಲದ ಮೇಲೆ ಈಟಿಯವನು.

"ಯಾರು ಗೆಲ್ತಾರೆ ಹೇಳು?"

"ಕುದುರೆಯೋನೇ, ಉಸ್ತಾದ್."

"ಕುದುರಿಗೆ ಬುದ್ಧಿ ಐತಪ್ಪ, ನಿನ್ನಂಗಲ್ಲ. ನೆಟ್ಟ ಈಟಿ ಮ್ಯಾಲೆ ಅದು ಬೀಳಂಗಿಲ್ಲ."

"ಹಂಗಾದ್ರ ಈಟೀನೇ ದೊಡ್ಡದು ಅನ್ರಿ."

"ಮೊನೆ ದಾಟಿ ಒಳಗ ನುಗ್ಗಿದ್ರ ಈಟಿ ಬರೀ ಬಟ್ಟೆ ಒಣಹಾಕೋ ಗಳ. ಅಲ್ಲಿ ಕತ್ತಿ ದೊಡ್ಡದು. ಇನ್ನೂ ಇಕ್ಕಟ್ಟಾತು ಅನ್ನು, ಚೂರಿ." ಆಮೇಲೆ ದನಿ ತಗ್ಗಿಸಿದರು. "ಕತ್ತಿ ಹಿಡಿದೋನಿಗೆ ಎದುರಿನೋನ ಉಸಿರು ತಾಗ್ತೈತೆ. ಈಟಿ ಹಿಡಿದೋನಿಗೆ ತಾಗಂಗಿಲ್ಲ. ಅದಕ್ಕ ಎದುರಿನೋನ ಮ್ಯಾಲಿಂದ ಕಣ್ಣು ತೆಗೀಬ್ಯಾಡ."

ಜೋಡಿ ಎದುರುಬದುರಾಗುವ ಮೊದಲು ಮೊಂಡು ಮೊನೆಗೆ ಒಂದು ನಿಂಬೆಹಣ್ಣು ಸಿಕ್ಕಿಸುವುದು ಅವರ ಕಟ್ಟಳೆ. ಉಸ್ತಾದರು ಕೂಗಿದಂತೆ ಹೆಜ್ಜೆ, 'ಬಿಡು' ಎಂದಾಗ ಈಟಿ ಮುಂದಕ್ಕೆ. ಮೊನೆ ಮೈಗೆ ತಾಗುವ ಮೊದಲೇ ನಿಲ್ಲಬೇಕು. ಹಣ್ಣು ಒಡೆದರೆ ತಪ್ಪು ಹೊಡೆದವನದಲ್ಲ, ಕೂಗಿದವನದು. ಒಡೆಯದೆ ಉಳಿದ ಹಣ್ಣನ್ನು ಅವರ ಹೆಂಡತಿ, ನಮಗೆಲ್ಲ ಚಾಚಿ, ಶರಬತ್ತು ಮಾಡಿ ಕೊಡುತ್ತಿದ್ದರು. ಉಸ್ತಾದರ ಕಾಲದಲ್ಲಿ ಶರಬತ್ತು ತಪ್ಪಿದ್ದು ನಾನು ಕಾಣೆ.

ಕಳೆದ ಬೇಸಿಗೆಯಲ್ಲಿ ಉಸ್ತಾದರು ತೀರಿಹೋದರು. ಅಂಗಳ ಖಾಲಿಯಾಯಿತು. ಹೊಳೆಗಾಳಿಗೆ ಅಂಗಡಿಯ ಬಿದಿರುಗಳು ಒಂದಕ್ಕೊಂದು ತಾಗಿದರೆ ಅವರು ಈಟಿಯ ಬುಡದಿಂದ ನೆಲ ಕುಟ್ಟಿದಂತೆಯೇ ಕೇಳುತ್ತಿತ್ತು. ನಾವು ತಿರುಗಿ ನೋಡುತ್ತಿದ್ದೆವು. ಆ ಕೂಗಿಲ್ಲದೆ ಯಾರ ಕಾಲೂ ಏಳಲಿಲ್ಲ. ತಾಲೀಮು ನಿಂತೇ ಹೋಗುತ್ತದೆ ಎನ್ನುವಾಗ ನಮ್ಮ ಜೊತೆಯ ದರ್ಜಿ ಅಂದ: "ನಿನಗ ಅವರ ದನಿ ಬರ್ತೈತಲ್ಲೋ, ಕೂಗು."

ಕಣ್ಣು ಬಿಟ್ಟರೆ ನನಗೆ ಯಾರ ದನಿಯೂ ಬರುವುದಿಲ್ಲ. ಕಣ್ಣು ಮುಚ್ಚಿ ಕೂಗಿದೆ: "ಹಿಂದ... ತಡಿ... ಬಿಡೂ!" ಅಷ್ಟೂ ಕಾಲುಗಳು ಒಟ್ಟಿಗೆ ಸರಿದ ಸದ್ದಿಗೆ ನನ್ನ ಮೈಯೇ ಜುಮ್ಮೆಂದಿತು. ಅಂದಿನಿಂದ ತಾಲೀಮು ನಡೆಯಿತು. ಆದರೆ ಮನೆಗೆ ಬಂದರೂ ಆ ದನಿ ನನ್ನನ್ನು ಬಿಡುತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಕೆಮ್ಮಿದರೆ ಉಸ್ತಾದರು ಕೆಮ್ಮುತ್ತಿದ್ದರು. ಈ ಸಲ ಕದ್ದದ್ದು ನಾನೋ ಅವರೋ ಎಂಬ ಅನುಮಾನ ಬರತೊಡಗಿತು.

ಒಂದು ಸಂಜೆ, ದರ್ಜಿಯ ಎದುರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಗೆಳೆಯ ನಿಂತಿದ್ದ. ಆ ಗೆಳೆಯ ಕಾಲು ಜಾರಿ ಮುಂದಕ್ಕೆ ಮುಗ್ಗರಿಸಿದ್ದು ನನಗೆ ಕಾಣಲಿಲ್ಲ. ದರ್ಜಿಯ ಕಿವಿ ನನ್ನ ಕೂಗಿನ ಮೇಲಿತ್ತು. "ಬಿಡೂ!" ಎಂದೆ. ದರ್ಜಿ ಬಿಟ್ಟ.

ಕಣ್ಣು ತೆರೆದಾಗ ಗೆಳೆಯ ನೆಲದಲ್ಲಿ ಕೂತು ಗಂಟಲು ಹಿಡಿದುಕೊಂಡು ಕೆಮ್ಮುತ್ತಿದ್ದ. ಕತ್ತಿನಿಂದ ನಿಂಬೆಯ ರಸ ಎದೆಗೆ ಇಳಿಯುತ್ತಿತ್ತು. ರಕ್ತವಲ್ಲ, ರಸ. ನನ್ನ ಬಾಯಿಂದ ಆಗಲೂ ಉಸ್ತಾದರದೇ ದನಿ ಬಂತು: "ಏನೂ ಆಗಿಲ್ಲ, ಏಳೋ."

ಚಾಚಿ ಹಣ್ಣಿಗಾಗಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಷ್ಟು ದಿನ ಒಳಗಿನಿಂದಲೇ ಕೇಳಿಸಿಕೊಂಡವರು. "ದನಿ ಎಲ್ಲಿ ತಪ್ತು, ಚಾಚಿ?" ಎಂದೆ.

ಅವರು ಒಡೆದ ಹಣ್ಣನ್ನು ಎತ್ತಿಕೊಂಡರು.

"ದನಿ ಅವರದೇ ತಂದೀಯ, ಬೇಟಾ. ಕಣ್ಣು ಯಾಕ ತರಲಿಲ್ಲ?"